ಕೌಂಟ್ ಬಿದ್ದ ಮಗುವಿಗೆ ಮೊಸರನ್ನ

ರಾಮಮೂರ್ತಿ ನಗರದಲ್ಲಿ ನನಗೆ ಗೊತ್ತಿರುವ ಒಂದು ಮನೆಯಲ್ಲಿ ಕೆಲವು ವಾರಗಳಿಂದ ಅತ್ತೆ ಸೊಸೆಗೆ ಮೊಸರಿನ ವಿಷಯಕ್ಕೆ ಜಟಾಪಟಿ. "ಎರಡು ಹೊತ್ತೂ ಗಂಜಿ, ಬೇಳೆಕಟ್ಟು ಅಂದ್ರೆ ಕೂಸು ಹೆಂಗಮ್ಮ ತಿನ್ನುತ್ತೆ? ಒಂದ್ ತುತ್ತು ಮೊಸರನ್ನ ಕೊಡು, ಹೊಟ್ಟೆ ತಣ್ಣಗಾಗ್ಲಿ" ಎನ್ನುತ್ತಾರೆ ಅತ್ತೆ. "ಕೌಂಟ್ ಇನ್ನೂರಕ್ಕೆ ಬಿದ್ದಿದೆ ಅತ್ತೆ. ಬೇಯಿಸದೆ ಇರೋದು ಯಾವ್ದೂ ಬೇಡ ಅಂದಿದ್ದಾರೆ" ಎನ್ನುತ್ತಾಳೆ ಸೊಸೆ. ಮಗುವಿಗೆ ರಕ್ತದ ಕ್ಯಾನ್ಸರ್, ಕೀಮೋ ನಡೆಯುತ್ತಿದೆ. ಅತ್ತೆಯದು ಹಳೇ ಕಾಲದ ಹಟ, ಸೊಸೆಯದು ಡಾಕ್ಟರ ಮಾತು ಎಂದು ತೀರ್ಪು ಕೊಟ್ಟು ಎದ್ದುಬಿಡುವುದು ಸುಲಭ. ಆದರೆ ಇಬ್ಬರ ಮಾತಿಗೂ ಸಂಶೋಧನೆಯ ಬೆಂಬಲವಿದೆ. ಇದೇ ಜಗಳವನ್ನು ದೊಡ್ಡ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳು ಬೇರೆ ಭಾಷೆಯಲ್ಲಿ ಆಡುತ್ತಲೇ ಬಂದಿವೆ: ರೋಗನಿರೋಧಕ ಶಕ್ತಿ ನೆಲ ಕಚ್ಚಿರುವ ದಿನಗಳಲ್ಲಿ ಮಗುವಿನ ಕರುಳಿನ ಬ್ಯಾಕ್ಟೀರಿಯಾವನ್ನು ಅದುಮಿಡಬೇಕೋ, ಕಾಪಾಡಿಕೊಳ್ಳಬೇಕೋ?

ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಮೊದಲ ಸ್ಥಾನ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದ್ದು. ವಾರ್ಡಿನಲ್ಲಿ ಎಲ್ಲರೂ ಎಎಲ್‌ಎಲ್ ಎಂದೇ ಅನ್ನುತ್ತಾರೆ. ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಹೆಚ್ಚು. ಶ್ರೀಮಂತ ದೇಶಗಳಲ್ಲಿ ಈಗ ನೂರರಲ್ಲಿ ಸುಮಾರು ತೊಂಬತ್ತು ಮಕ್ಕಳು ಬದುಕುಳಿಯುತ್ತಾರೆ. ನಮ್ಮಲ್ಲಿ ಅಷ್ಟಿಲ್ಲ. ಔಷಧಿಗಳು ಬಹುಪಾಲು ಅವೇ: ವಿಂಕ್ರಿಸ್ಟೀನ್, ಆಸ್ಪರಾಜಿನೇಸ್, ಸ್ಟೀರಾಯ್ಡ್. ವ್ಯತ್ಯಾಸದ ದೊಡ್ಡ ಪಾಲು ಬರುವುದು ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದರಿಂದ ಮತ್ತು ಸೋಂಕಿನಿಂದ. ಇಂಡಕ್ಷನ್ ಎನ್ನುವ ಮೊದಲ ನಾಲ್ಕೈದು ವಾರಗಳಲ್ಲಿ ಅಲ್ಲಿ ತೀರಿಕೊಳ್ಳುವ ಮಕ್ಕಳು ನೂರಕ್ಕೆ ಒಬ್ಬರೋ ಇಬ್ಬರೋ. ಭಾರತದಲ್ಲಿ ಅದರ ಹಲವು ಪಟ್ಟು, ಮತ್ತು ಅವರಲ್ಲಿ ಹೆಚ್ಚಿನವರನ್ನು ಕೊಲ್ಲುವುದು ಕ್ಯಾನ್ಸರ್ ಅಲ್ಲ, ರಕ್ತಕ್ಕಿಳಿದ ಬ್ಯಾಕ್ಟೀರಿಯಾ.

ಆ ಬ್ಯಾಕ್ಟೀರಿಯಾ ಎಲ್ಲಿಂದ ಬರುತ್ತದೆ ಎಂದರೆ ತಂದೆತಾಯಿ ಮೊದಲು ನೋಡುವುದು ಹೊರಗೆ. ನೆಂಟರನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ, ಮಾಸ್ಕ್ ಹಾಕಿಸುತ್ತಾರೆ, ನೆಲಕ್ಕೆ ಫಿನಾಯಿಲ್ ಹಾಕಿ ಒರೆಸುತ್ತಾರೆ. ಆದರೆ ಇ. ಕೋಲೈ, ಕ್ಲೆಬ್ಸಿಯೆಲ್ಲಾ ಥರದವು ಬಹಳ ಸಲ ಮಗುವಿನ ಕರುಳಿನಲ್ಲೇ ಮೊದಲಿನಿಂದ ಇರುತ್ತವೆ. ಕೀಮೋ ಕರುಳಿನ ಒಳಪದರವನ್ನು ಸುಲಿಯುತ್ತದೆ. ಅದೇ ಹೊತ್ತಿಗೆ ಕಾವಲಿಗಿರಬೇಕಾದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು (ಸೊಸೆ ಹೇಳಿದ ಕೌಂಟ್ ಇವುಗಳದ್ದೇ) ಐನೂರಕ್ಕಿಂತ ಕೆಳಗಿಳಿಯುತ್ತವೆ. ಗೋಡೆ ಸೀಳಿದೆ, ಕಾವಲಿಲ್ಲ. ಈ ಮಕ್ಕಳಿಗೆ ಗುದದ್ವಾರದಲ್ಲಿ ಥರ್ಮಾಮೀಟರ್ ಇಡಬೇಡಿ, ಎನಿಮಾ ಕೊಡಬೇಡಿ ಎಂದು ನರ್ಸುಗಳು ಗದರುವುದೂ, ಬೆಚ್ಚನೆ ನೀರಿನ ಟಬ್ಬಿನಲ್ಲಿ ಕೂರಿಸಿ ಎನ್ನುವುದೂ ಇದೇ ಕಾರಣಕ್ಕೆ. 2018ರಲ್ಲಿ ಸ್ಟಾನ್‌ಫರ್ಡಿನ ಸಂಶೋಧಕರು ಅಸ್ಥಿಮಜ್ಜೆ ಕಸಿಯಾದ ರೋಗಿಗಳ ರಕ್ತದಲ್ಲಿ ಸಿಕ್ಕ ಬ್ಯಾಕ್ಟೀರಿಯಾದ ಜೀನುಗಳನ್ನು ಅದೇ ರೋಗಿಗಳ ಮಲದಲ್ಲಿದ್ದ ಬ್ಯಾಕ್ಟೀರಿಯಾದೊಂದಿಗೆ ಹೋಲಿಸಿ ನೋಡಿದರು. ಎಷ್ಟೋ ರೋಗಿಗಳಲ್ಲಿ ಎರಡೂ ಒಂದೇ ತಳಿ. ಚರ್ಮದಿಂದಲೋ ಆಸ್ಪತ್ರೆಯ ವಾತಾವರಣದಿಂದಲೋ ಬಂದಿರಬೇಕು ಎಂದುಕೊಂಡಿದ್ದ ಕೆಲವು ಕೂಡ ಕರುಳಿನಲ್ಲೇ ಸಿಕ್ಕವು.

ಮಕ್ಕಳ ಲ್ಯುಕೇಮಿಯಾದ ಬಗ್ಗೆಯೇ ನೇರವಾಗಿ ಮಾತಾಡುವ ಅಧ್ಯಯನ ಅದೇ ವರ್ಷ ಅಮೆರಿಕದ ಮೆಂಫಿಸ್‌ನಲ್ಲಿರುವ ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆಯಿಂದ ಬಂತು. ಎಎಲ್‌ಎಲ್ ಪತ್ತೆಯಾದ 199 ಮಕ್ಕಳ ಮಲವನ್ನು ಚಿಕಿತ್ಸೆಗೆ ಮುಂಚೆ ಮತ್ತು ನಡುವೆ ಪರೀಕ್ಷಿಸಿದರು. ಇ. ಕೋಲೈ ಕುಲದವು ಸೇರುವ ಪ್ರೋಟಿಯೋಬ್ಯಾಕ್ಟೀರಿಯಾ ಗುಂಪು ಶುರುವಿನಲ್ಲೇ ಕಂಡ ಮಕ್ಕಳಿಗೆ ಮುಂದೆ ಕೌಂಟ್ ಬಿದ್ದಾಗ ಜ್ವರ ಬರುವ ಸಂಭವ ಹೆಚ್ಚಿತ್ತು. ಚಿಕಿತ್ಸೆಯ ನಡುವೆ ಎಂಟರೋಕಾಕಸ್ ಅಥವಾ ಸ್ಟ್ರೆಪ್ಟೋಕಾಕಸ್ ಕುಟುಂಬವೊಂದೇ ಕರುಳಿನ ಶೇ. 30ಕ್ಕಿಂತ ಹೆಚ್ಚು ಜಾಗ ಹಿಡಿದ ಮಕ್ಕಳಲ್ಲೂ ಜ್ವರ, ಭೇದಿ ಜಾಸ್ತಿ. ಅದಕ್ಕೂ ಮುಂಚೆ, 2012ರಲ್ಲಿ, ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಆಸ್ಪತ್ರೆ ಕಸಿಯಾದ 94 ದೊಡ್ಡವರಲ್ಲಿ ಇದೇ ಚಿತ್ರವನ್ನು ಕಂಡಿತ್ತು: ಕರುಳಿನಲ್ಲಿ ಎಂಟರೋಕಾಕಸ್ ಮೆರೆದರೆ ಅದು ರಕ್ತಕ್ಕಿಳಿಯುವ ಅಪಾಯ ಒಂಬತ್ತು ಪಟ್ಟು, ಪ್ರೋಟಿಯೋಬ್ಯಾಕ್ಟೀರಿಯಾ ಮೆರೆದರೆ ಐದು ಪಟ್ಟು.

ಇಲ್ಲಿಯವರೆಗೆ ಯಾರಿಗೂ ತಕರಾರಿಲ್ಲ. ತಕರಾರು ಶುರುವಾಗುವುದು ಮುಂದೇನು ಎನ್ನುವಲ್ಲಿ. ಒಂದು ಪಕ್ಷ ಹೇಳುವುದು: ಶತ್ರು ಒಳಗೇ ಕೂತಿದ್ದಾನೆ ಎಂದು ಗೊತ್ತಾದ ಮೇಲೆ ಜ್ವರ ಬರುವ ತನಕ ಯಾಕೆ ಕಾಯಬೇಕು? ಮೊದಲೇ ಆಂಟಿಬಯಾಟಿಕ್ ಕೊಟ್ಟು ಅದುಮಿಡಿ, ಊಟದಿಂದ ಹೊಸಬರು ಒಳಗೆ ಬಾರದಂತೆ ನೋಡಿಕೊಳ್ಳಿ. ಇನ್ನೊಂದು ಪಕ್ಷದ, ಅಂದರೆ ಜ್ವರ ಬರುವ ತನಕ ಕಾಯೋಣ ಎನ್ನುವವರ, ವಾದ ಬೇರೆ. ಕರುಳಿನಲ್ಲಿರುವ ನೂರಾರು ಬಗೆಯ ನಿರುಪದ್ರವಿ ಬ್ಯಾಕ್ಟೀರಿಯಾಗಳೇ ಕೆಟ್ಟವು ಬೆಳೆಯದಂತೆ ತಡೆಹಿಡಿಯುತ್ತವೆ, ನಾರನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲ ಮಾಡಿ ಕರುಳಿನ ಪದರವನ್ನು ಸಾಕುತ್ತವೆ. ಅವನ್ನೇ ಕೊಂದರೆ ಬದುಕುಳಿಯುವುದು ಔಷಧಿಗೆ ಬಗ್ಗದ ತಳಿ ಮಾತ್ರ. ಹೊರಮಾವು, ಕೆ.ಆರ್. ಪುರ ಕಡೆ ಸೈಟು ಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಂಪೌಂಡ್ ಇಲ್ಲದೆ ಖಾಲಿ ಬಿಟ್ಟ ಸೈಟು ಖಾಲಿಯಾಗಿಯೇ ಉಳಿಯುವುದಿಲ್ಲ, ನೋಡಲು ಹೋಗುವಷ್ಟರಲ್ಲಿ ಯಾರೋ ಶೆಡ್ ಹಾಕಿರುತ್ತಾರೆ.

ಮೊದಲು ಮಾತ್ರೆಯ ಕಥೆ. ಲಿವೊಫ್ಲಾಕ್ಸಾಸಿನ್ ಎನ್ನುವುದು ಯಾವ ಮೆಡಿಕಲ್ ಸ್ಟೋರಿನಲ್ಲೂ ಸಿಗುವ ಅಗ್ಗದ ಆಂಟಿಬಯಾಟಿಕ್. 2017ರಲ್ಲಿ ಸೇಂಟ್ ಜೂಡ್‌ನವರೇ ಇಂಡಕ್ಷನ್ನಿನಲ್ಲಿದ್ದ 344 ಮಕ್ಕಳ ಅನುಭವವನ್ನು ಪ್ರಕಟಿಸಿದರು. ಕೌಂಟ್ ಬಿದ್ದ ದಿನಗಳಲ್ಲಿ ಲಿವೊಫ್ಲಾಕ್ಸಾಸಿನ್ ತೆಗೆದುಕೊಂಡ ಮಕ್ಕಳಲ್ಲಿ ಜ್ವರವೂ ರಕ್ತದ ಸೋಂಕೂ ಗಣನೀಯವಾಗಿ ಕಡಿಮೆ. ಕಾಯುವ ಪಕ್ಷದವರು ಕರುಳು ಕೆಡುತ್ತದೆ ಎಂದು ಹೆದರಿದ್ದರಲ್ಲ, ಕರುಳು ಕೆಟ್ಟಾಗ ಬರುವ ಕ್ಲಾಸ್ಟ್ರಿಡಿಯಂ ಡಿಫಿಸಿಲೆ ಭೇದಿಯೂ ಈ ಮಕ್ಕಳಲ್ಲಿ ಕಡಿಮೆಯೇ ಆಗಿತ್ತು. ಕಾರಣ ಊಹಿಸಬಹುದು. ಜ್ವರ ಬಾರದ ಮಗುವಿಗೆ ಮೆರೊಪೆನೆಮ್, ವ್ಯಾಂಕೋಮೈಸಿನ್ ಡ್ರಿಪ್ ಏರಿಸುವ ಪ್ರಮೇಯವೇ ಬರುವುದಿಲ್ಲ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಕ್ಕೆ ಆ ಡ್ರಿಪ್‌ಗಳಷ್ಟು ಹಾನಿಯನ್ನು ಈ ಮಾತ್ರೆ ಮಾಡುವುದಿಲ್ಲ. ಮಾತ್ರೆಯ ಪರವಾಗಿ ನಾನು ಕೇಳಿದ ವಾದಗಳಲ್ಲಿ ಇದು ಎಲ್ಲಕ್ಕಿಂತ ಗಟ್ಟಿಯಾದದ್ದು: ಕರುಳನ್ನು ಉಳಿಸಬೇಕಾದರೇ ಮಾತ್ರೆ ಕೊಡಿ ಎನ್ನುತ್ತದೆ ಅದು. ಕೊರತೆಯೊಂದಿದೆ. ಅದು ಚೀಟಿ ಎತ್ತಿದಂತೆ ಮಕ್ಕಳನ್ನು ಎರಡು ಗುಂಪು ಮಾಡಿ ನಡೆಸಿದ ಪ್ರಯೋಗವಲ್ಲ, ಆದ ಚಿಕಿತ್ಸೆಯನ್ನು ಹಿಂದಿರುಗಿ ನೋಡಿದ ಲೆಕ್ಕ.

ಹಾಗೆ ಗುಂಪು ಮಾಡಿ ನಡೆಸಿದ ದೊಡ್ಡ ಪ್ರಯೋಗ ಮರುವರ್ಷ ಅಮೆರಿಕ, ಕೆನಡಾ ಆಸ್ಪತ್ರೆಗಳಿಂದ ಬಂತು, ಒಟ್ಟು 624 ರೋಗಿಗಳು. ಅದರಲ್ಲಿದ್ದದ್ದು ಹೊಸದಾಗಿ ಎಎಲ್‌ಎಲ್ ಪತ್ತೆಯಾದ ಮಕ್ಕಳಲ್ಲ. ಹೆಚ್ಚು ಕಠಿಣವಾದ ಎಎಂಎಲ್ (ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ) ಇದ್ದವರು, ಎಎಲ್‌ಎಲ್ ಮರುಕಳಿಸಿದವರು ಮತ್ತು ಕಸಿಯಾದವರು. ಲ್ಯುಕೇಮಿಯಾ ಮಕ್ಕಳಲ್ಲಿ ರಕ್ತದ ಸೋಂಕು ಶೇ. 43.4ರಿಂದ ಶೇ. 21.9ಕ್ಕೆ ಇಳಿಯಿತು, ಅಂದರೆ ಅರ್ಧಕ್ಕೆ. ಕಸಿಯಾದವರಲ್ಲಿ ಸ್ಪಷ್ಟವಾದ ಲಾಭ ಕಾಣಲಿಲ್ಲ. 2020ರ ಅಂತರರಾಷ್ಟ್ರೀಯ ಮಾರ್ಗಸೂಚಿ ಇದನ್ನೆಲ್ಲ ತೂಗಿ, ಎಎಂಎಲ್ ಮತ್ತು ಮರುಕಳಿಸಿದ ಎಎಲ್‌ಎಲ್ ಮಕ್ಕಳಿಗೆ ಕೊಡುವುದನ್ನು ಪರಿಶೀಲಿಸಿ, ಹೊಸ ಎಎಲ್‌ಎಲ್ ಮಕ್ಕಳ ಇಂಡಕ್ಷನ್ನಿನಲ್ಲಿ ವಾಡಿಕೆಯಂತೆ ಎಲ್ಲರಿಗೂ ಕೊಡಬೇಡಿ ಎಂದು ನಡುದಾರಿ ಹಿಡಿಯಿತು.

ಮೆಂಫಿಸ್, ಟೊರಾಂಟೊ ಇರಲಿ. ನಮ್ಮಂಥ ದೇಶಗಳ ಮಾತೇನು? 2013ರಲ್ಲಿ ಏಷ್ಯಾದ ಎರಡು ಆಸ್ಪತ್ರೆಗಳು ಇದೇ ಜಾತಿಯ ಸಿಪ್ರೊಫ್ಲಾಕ್ಸಾಸಿನ್ ಇಟ್ಟುಕೊಂಡು ಎಎಲ್‌ಎಲ್ ಮಕ್ಕಳಲ್ಲಿ ಪ್ರಯೋಗ ಮಾಡಿ, ಒಂದಕ್ಕೊಂದು ತದ್ವಿರುದ್ಧ ಉತ್ತರ ಕೊಟ್ಟವು. ಥಾಯ್ಲೆಂಡಿನಲ್ಲಿ ಇಂಡಕ್ಷನ್ ಹೊತ್ತಿನ ಜ್ವರ ಕಡಿಮೆಯಾಯಿತು. ಆದರೆ ಮಾತ್ರೆ ಶುರುವಾಗಿ ಒಂದೆರಡು ವಾರದಲ್ಲೇ ಮಕ್ಕಳ ಗುದದ್ವಾರದ ಸ್ವ್ಯಾಬ್‌ನಲ್ಲಿ ಸಿಕ್ಕ ಇ. ಕೋಲೈ, ಕ್ಲೆಬ್ಸಿಯೆಲ್ಲಾಗಳು ಬಹುತೇಕ ಎಲ್ಲವೂ ಆ ಔಷಧಿಗೆ ಬಗ್ಗದವಾಗಿದ್ದವು. ಇಂಡೊನೇಷ್ಯಾದಲ್ಲಿ ಆದದ್ದು ಇನ್ನೂ ಕಹಿ. 110 ಮಕ್ಕಳಲ್ಲಿ ಔಷಧಿ ಪಡೆದವರಿಗೇ ಜ್ವರ ಹೆಚ್ಚು, ಸಾವೂ ಹೆಚ್ಚು: ಔಷಧಿಯ ಗುಂಪಿನಲ್ಲಿ ಶೇ. 18.9, ಬರೀ ಸಕ್ಕರೆ ಮಾತ್ರೆಯಂಥದ್ದನ್ನು ಪಡೆದ ಗುಂಪಿನಲ್ಲಿ ಶೇ. 5.8. ಚಿಕ್ಕ ಪ್ರಯೋಗ, ಅದೊಂದನ್ನೇ ನಂಬಿ ಕೂರಲಾಗದು. ಆದರೆ ಮಾತ್ರೆಯ ಪರ ಇರುವವರು ಈ ಪ್ರಯೋಗದ ಹೆಸರೆತ್ತದೆ ಮಾತು ಮುಗಿಸುವುದನ್ನು ನೋಡಿದಾಗ ನನಗೆ ಇರಿಸುಮುರಿಸಾಗುತ್ತದೆ.

ಭಾರತದ ಸ್ಥಿತಿ ಎರಡರಲ್ಲಿ ಯಾವುದಕ್ಕೆ ಹತ್ತಿರ? ಐಸಿಎಂಆರ್ ವರ್ಷ ವರ್ಷ ಹೊರತರುವ ಔಷಧ ಪ್ರತಿರೋಧದ ವರದಿಗಳಲ್ಲಿ ಆಸ್ಪತ್ರೆಗಳ ಇ. ಕೋಲೈಗಳಲ್ಲಿ ಬಹುಪಾಲು ಈ ಜಾತಿಯ ಔಷಧಿಗಳಿಗೆ ಬಗ್ಗುವುದಿಲ್ಲ. ಮೆರೊಪೆನೆಮ್‌ನಂಥ ಕೊನೆಯ ಸಾಲಿನ ಔಷಧಿಯನ್ನೂ ಮುರಿದುಹಾಕುವ ಎನ್‌ಡಿಎಂ-1 ಎಂಬ ಕಿಣ್ವಕ್ಕೆ ನಮ್ಮ ರಾಜಧಾನಿಯ ಹೆಸರಿಟ್ಟು 2010ರಲ್ಲಿ ದೊಡ್ಡ ರಂಪವೇ ಆಗಿತ್ತು. ಹೆಸರಿನ ಬಗ್ಗೆ ನಾವು ಸಿಟ್ಟಾದೆವು. ಬ್ಯಾಕ್ಟೀರಿಯಾ ತನ್ನ ಪಾಡಿಗೆ ಹರಡಿತು. 2014ರ ಮಾರ್ಚಿನಿಂದ ಲಿವೊಫ್ಲಾಕ್ಸಾಸಿನ್ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿದೆ. ಅಂಗಡಿಯವರು ಚೀಟಿ ನೋಡಿ, ಬೇರೆ ರಿಜಿಸ್ಟರಿನಲ್ಲಿ ಬರೆದಿಟ್ಟೇ ಕೊಡಬೇಕು. ನಮ್ಮ ಮುಖ್ಯ ರಸ್ತೆಯಲ್ಲಿ ಎಷ್ಟು ಮಂದಿ ಹಾಗೆ ಕೊಳ್ಳುತ್ತಾರೆ ಎಂಬುದನ್ನು ಓದುಗರೇ ಊಹಿಸಲಿ. ಕ್ಯಾನ್ಸರ್ ಬರುವ ಮುಂಚೆಯೇ ನೆಗಡಿ, ಭೇದಿಗೆಂದು ನಾಲ್ಕಾರು ಕೋರ್ಸ್ ಆಂಟಿಬಯಾಟಿಕ್ ಕುಡಿದ ಮಗುವಿನ ಕರುಳಿನಲ್ಲಿ ಲಿವೊಫ್ಲಾಕ್ಸಾಸಿನ್ ಕೊಲ್ಲಬೇಕಾದದ್ದನ್ನು ಕೊಲ್ಲದೆ, ಬಿಡಬೇಕಾದದ್ದನ್ನು ಕೊಲ್ಲುವ ಸಾಧ್ಯತೆ ದಂಡಿಯಾಗಿದೆ. ಜೊತೆಗೆ ಕ್ಷಯ. ಇದೇ ಔಷಧಿ ಕ್ಷಯದ ಬ್ಯಾಕ್ಟೀರಿಯಾವನ್ನೂ ಅರೆಬರೆ ಅದುಮುತ್ತದೆ, ರೋಗ ಪತ್ತೆಯಾಗುವುದು ತಡವಾಗುತ್ತದೆ. ಮೆಂಫಿಸ್‌ನಲ್ಲಿ ಇದು ಚಿಂತೆಯೇ ಅಲ್ಲ, ಇಲ್ಲಿ ಹೌದು.

ಹಾಗೆಂದು ಕಾಯುವ ಪಕ್ಷದವರೂ ಅಷ್ಟು ಶುದ್ಧರಲ್ಲ. ನ್ಯುಮೋಸಿಸ್ಟಿಸ್ ಎಂಬ ಶ್ವಾಸಕೋಶದ ಸೋಂಕು ಬಾರದಿರಲಿ ಎಂದು ಎಲ್ಲ ಎಎಲ್‌ಎಲ್ ಮಕ್ಕಳಿಗೂ ವಾರಕ್ಕೆ ಎರಡು ಮೂರು ದಿನ ಕೋಟ್ರೈಮಾಕ್ಸಜೋಲ್ ಕೊಡುತ್ತಲೇ ಇರುತ್ತಾರೆ, ಚಿಕಿತ್ಸೆ ಮುಗಿಯುವ ಎರಡು ಎರಡೂವರೆ ವರ್ಷವೂ. ಅದೂ ಆಂಟಿಬಯಾಟಿಕ್ಕೇ, ಕರುಳಿನ ಮೂಲಕವೇ ಹಾದುಹೋಗುತ್ತದೆ. ಅದರ ಬಗ್ಗೆ ಯಾರೂ ಚಕಾರ ಎತ್ತುವುದಿಲ್ಲ, ಯಾಕೆಂದರೆ ಅದು ಉಳಿಸಿದ ಜೀವಗಳ ಲೆಕ್ಕ ಸ್ಪಷ್ಟ.

ಮಾತ್ರೆಯ ಪರ ಇನ್ನೊಂದು ವಾದವಿದೆ. ಅದು ಪ್ರಯೋಗಗಳ ಪಟ್ಟಿಯಲ್ಲಿ ಸಿಗದು, ನಮ್ಮ ರಸ್ತೆಗಳಲ್ಲಿ ಸಿಗುತ್ತದೆ. ಕೌಂಟ್ ಬಿದ್ದ ಮಗುವಿಗೆ ಜ್ವರ ಬಂದರೆ ಆಸ್ಪತ್ರೆಗೆ ಬಂದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ರಕ್ತಕ್ಕೆ ಸೇರಬೇಕು ಎನ್ನುವುದು ಎಲ್ಲರೂ ಒಪ್ಪಿಕೊಂಡಿರುವ ಗುರಿ. ಕಾಯುವ ಪಕ್ಷದ ನಿಲುವು ನಿಂತಿರುವುದೇ ಈ ಗಂಟೆಯ ಮೇಲೆ: ಜ್ವರ ಬಂದ ತಕ್ಷಣ ಹಿಡಿಯುತ್ತೇವೆ, ಮುಂಚೆ ಏಕೆ? ರಾಮಮೂರ್ತಿ ನಗರದಿಂದ ಡೈರಿ ಸರ್ಕಲ್ ಹತ್ತಿರದ ಕಿದ್ವಾಯಿ ಆಸ್ಪತ್ರೆಯಾಗಲಿ, ಕೋರಮಂಗಲದ ಸೇಂಟ್ ಜಾನ್ಸ್ ಆಗಲಿ ಕಿಲೋಮೀಟರಿನಲ್ಲಿ ದೂರವಲ್ಲ. ಸಂಜೆ ಆರೂವರೆಗೆ ಹೊರಟು ನೋಡಿ. ಟಿನ್ ಫ್ಯಾಕ್ಟರಿ, ಹಳೇ ಮದ್ರಾಸು ರಸ್ತೆ, ದೊಮ್ಮಲೂರು ದಾಟುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿರುತ್ತದೆ. ಟಿನ್ ಫ್ಯಾಕ್ಟರಿಯಲ್ಲಿ ನಿಂತ ಸಮಯ ಆಸ್ಪತ್ರೆಯ ಗಂಟೆಯ ಲೆಕ್ಕಕ್ಕೆ ಸೇರುವುದಿಲ್ಲ, ಬ್ಯಾಕ್ಟೀರಿಯಾದ ಲೆಕ್ಕಕ್ಕೆ ಸೇರುತ್ತದೆ. ಅದರ ಮೇಲೆ ಸ್ಟೀರಾಯ್ಡ್ ಜ್ವರವನ್ನು ಮುಚ್ಚಿಡುತ್ತದೆ. ಮಗು ಬರೀ ಮಂಕಾಗಿ ಮಲಗಿರುತ್ತದೆ, ಥರ್ಮಾಮೀಟರ್ ಏನೂ ಹೇಳುವುದಿಲ್ಲ. ಇದು ನಗರದೊಳಗಿನವರ ಪಾಡು. ರಾಯಚೂರಿನಿಂದಲೋ ಬೀದರಿನಿಂದಲೋ ಬಂದು, ಎರಡು ಕೀಮೋ ನಡುವೆ ಊರಿಗೆ ಹೋದ ಮಗುವಿನ ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ಜ್ವರ ಬಂದರೆ? ಅಂಥ ಮಗುವಿಗೆ ಮಾತ್ರೆ ಕೊಟ್ಟೇ ಕಳಿಸುತ್ತೇನೆ ಎನ್ನುವ ಡಾಕ್ಟರನ್ನು ಮಾರ್ಗಸೂಚಿ ತೋರಿಸಿ ತಡೆಯುವ ಧೈರ್ಯ ನನಗಿಲ್ಲ.

ಇನ್ನು ಊಟ. ಇಲ್ಲಿ ತಕ್ಕಡಿ ಹೆಚ್ಚು ಹೊಯ್ದಾಡುವುದಿಲ್ಲ. ಕೋಸಂಬರಿ, ದಾಳಿಂಬೆ, ಸೌತೆಕಾಯಿ, ಮೊಸರು ಯಾವುದೂ ಬೇಡ, ಎಲ್ಲ ಬೇಯಿಸಿಯೇ ಕೊಡಿ ಎನ್ನುವ ನ್ಯೂಟ್ರೋಪೀನಿಕ್ ಪಥ್ಯ ದಶಕಗಳಿಂದ ಚಾಲ್ತಿಯಲ್ಲಿದೆ. 2018ರಲ್ಲಿ ಕೀಮೋದಲ್ಲಿದ್ದ 150 ಮಕ್ಕಳ ಮೇಲೆ ಅಮೆರಿಕದಲ್ಲಿ ಅದನ್ನು ಒರೆಗೆ ಹಚ್ಚಿದರು. ಅರ್ಧ ಮಕ್ಕಳಿಗೆ ಆ ಕಟ್ಟುನಿಟ್ಟಿನ ಪಥ್ಯ, ಉಳಿದರ್ಧಕ್ಕೆ ಕೈ ತೊಳೆ, ಹಣ್ಣು ತೊಳೆ, ಮಾಂಸ ಚೆನ್ನಾಗಿ ಬೇಯಿಸು ಎನ್ನುವ ಸಾಮಾನ್ಯ ಎಚ್ಚರಿಕೆ. ಸೋಂಕು ಶೇ. 35 ಮತ್ತು ಶೇ. 33. ವ್ಯತ್ಯಾಸವಿಲ್ಲ. ಮುಂದೆ ಇಟಲಿಯಲ್ಲಿ ಕಸಿಯಾದ ದೊಡ್ಡವರಲ್ಲೂ ಹೀಗೇ ಬಂತು. ಪಥ್ಯದಿಂದಾದದ್ದು ತಾಯಂದಿರಿಗೆ ಕಷ್ಟ, ಮಕ್ಕಳಿಗೆ ಬೇಸರ, ಮತ್ತು ಮೊದಲೇ ಸೊರಗಿದ ಮಗು ಇನ್ನಷ್ಟು ಸೊರಗುವುದು. ಅಪೌಷ್ಟಿಕತೆಯೇ ಸೋಂಕಿಗೆ ದಾರಿ. ಇಷ್ಟು ಹೇಳಿದ ಮೇಲೆ ಅತ್ತೆ ಗೆದ್ದಂತೆ ಕಾಣುತ್ತದೆ.

ಪೂರ್ತಿ ಅಲ್ಲ. ಆ ಪ್ರಯೋಗದ ಮಕ್ಕಳ ಮನೆಯ ನಲ್ಲಿಯಲ್ಲಿ ಬರುವುದು ನೇರ ಕುಡಿಯಬಹುದಾದ ನೀರು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಮೂರೂ ಒಂದೇ ಸಂಪಿಗೆ ಬೀಳುತ್ತವೆ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ಸಿಕ್ಕರೆ ಪುಣ್ಯ ಎನ್ನುವಂತಾಗಿತ್ತು, ಅದು ಎಲ್ಲಿ ತುಂಬಿಸಿಕೊಂಡು ಬಂತು ಎಂದು ಕೇಳುವವರಿರಲಿಲ್ಲ. ಆ ನೀರಿನಲ್ಲಿ ತೊಳೆದ ಕೊತ್ತಂಬರಿ ಸೊಪ್ಪನ್ನು ಹಸಿಯಾಗಿ ಉದುರಿಸಿದರೆ ಅಮೆರಿಕದ ಶೇ. 33 ಇಲ್ಲಿಗೆ ಹೊಂದುತ್ತದೆ ಎನ್ನಲಾಗದು. ಹಾಗಾಗಿ ನಿಷೇಧದ ಪಟ್ಟಿಗಿಂತ ನೀರಿನ ಮೇಲೆ ಹಟ ಹಿಡಿಯುವುದು ಹೆಚ್ಚು ಸಮಂಜಸ ಎಂದು ನನಗನಿಸುತ್ತದೆ: ಕುದಿಸಿ ಆರಿಸಿದ ನೀರು, ಮನೆಯಲ್ಲೇ ಸಿಪ್ಪೆ ತೆಗೆದ ಬಾಳೆಹಣ್ಣು, ಕಿತ್ತಳೆ ಸರಿ; ಬೀದಿಯ ಪಾನಿಪುರಿ, ಕತ್ತರಿಸಿಟ್ಟ ಹಣ್ಣು, ಐಸ್ ಹಾಕಿದ ಜ್ಯೂಸ್ ದೂರ.

ಮೊಸರಿಗೆ ಬಂದರೆ, ಅದರಲ್ಲಿರುವ ಲ್ಯಾಕ್ಟೋಬ್ಯಾಸಿಲಸ್ ಸಾಮಾನ್ಯವಾಗಿ ಸಾಧು. ಹೆಪ್ಪಿನ ಜೊತೆಗೆ ಇನ್ನೇನು ಸೇರಿಕೊಂಡಿದೆ ಎನ್ನುವುದೇ ಪ್ರಶ್ನೆ. ನಿನ್ನೆಯ ಮೊಸರು, ಅದಕ್ಕೆ ಅದ್ದಿದ ಚಮಚ, ಮುಚ್ಚದ ಪಾತ್ರೆ. ಪಾಶ್ಚರೀಕರಿಸಿದ ಹಾಲಿನಿಂದ ಮಾಡಿ ಮುಚ್ಚಿ ಬರುವ ನಂದಿನಿ ಪ್ಯಾಕೆಟ್ಟು, ಅಂದೇ ತೆರೆದದ್ದು, ಈ ದೃಷ್ಟಿಯಿಂದ ಮನೆಯ ಮೊಸರಿಗಿಂತ ಮೇಲು. ಅತ್ತೆಯಂದಿರು ಒಪ್ಪಲಿಕ್ಕಿಲ್ಲ. ಕೌಂಟ್ ತೀರಾ ಕೆಳಗಿರುವ ಆ ಹತ್ತು ಹದಿನೈದು ದಿನ, ಬಾಯೆಲ್ಲ ಹುಣ್ಣಾಗಿ ಕರುಳೂ ಕೆರಳಿರುವಾಗ, ಜೀವಂತ ಬ್ಯಾಕ್ಟೀರಿಯಾ ಇರುವ ಏನನ್ನೂ ಕೊಡಬೇಡಿ ಎಂದು ನಿಮ್ಮ ಡಾಕ್ಟರು ಹೇಳಿದರೆ ಅದರಲ್ಲಿ ಅರ್ಥವಿದೆ. ಆಗ ಮಜ್ಜಿಗೆ ಹುಳಿ ಇದೆಯಲ್ಲ, ಮೊಸರಿನ ರುಚಿ ಉಳಿಯುತ್ತದೆ, ಕುದಿತದಲ್ಲಿ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಕ್ಕೆ ಹೊರಗಿನಿಂದ ಹೊಸ ನೆಂಟರು ಬೇಕೆಂದೇನಿಲ್ಲ, ಬೇಕಾದದ್ದು ನಾರು. ಅದು ಬೇಯಿಸಿದರೂ ಹೋಗುವುದಿಲ್ಲ. ಮೆತ್ತಗಿನ ರಾಗಿ ಮುದ್ದೆ, ಸೊಪ್ಪಿನ ಬಸ್ಸಾರು, ಬೆಂದ ಹೆಸರುಕಾಳು, ಬಾಯಿ ಹುಣ್ಣು ಮಾಗಿದ ಮೇಲೆ. ಈ ವಾದವನ್ನು ಎರಡೂ ಪಕ್ಷದವರು ಯಾಕೆ ಹೆಚ್ಚು ಆಡುವುದಿಲ್ಲವೋ!

ಪ್ರೋಬಯಾಟಿಕ್ ಕ್ಯಾಪ್ಸೂಲ್ ಬೇರೆ ಮಾತು. ಮೊಸರಿಗೆ ಕೊಡುವ ರಿಯಾಯಿತಿಯನ್ನು ಅದಕ್ಕೆ ಕೊಡಲಾರೆ. ಕಸಿಯಾದ 30 ಮಕ್ಕಳಿಗೆ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ಕೊಟ್ಟ ಅಮೆರಿಕದ ಅಧ್ಯಯನದಲ್ಲಿ ಅದು ಯಾರ ರಕ್ತಕ್ಕೂ ಇಳಿಯಲಿಲ್ಲ, ನಿಜ. ಆದರೆ ಶಕ್ತಿ ಕುಂದಿದ ರೋಗಿಗಳಲ್ಲಿ ಕ್ಯಾಪ್ಸೂಲಿನ ಬ್ಯಾಕ್ಟೀರಿಯಾ, ಯೀಸ್ಟುಗಳೇ ರಕ್ತದಲ್ಲಿ ಸಿಕ್ಕ ವರದಿಗಳು ಬೇಕಾದಷ್ಟಿವೆ. ಅವಧಿಗೆ ಮುಂಚೆ ಹುಟ್ಟಿದ ಶಿಶುವೊಂದು ತೀರಿಕೊಂಡ ಮೇಲೆ 2023ರಲ್ಲಿ ಅಮೆರಿಕದ ಔಷಧ ಇಲಾಖೆ ಅಂಥ ಶಿಶುಗಳಿಗೆ ಕೊಡುವ ಬಗ್ಗೆ ಎಚ್ಚರಿಸಿತು. ಆರೋಗ್ಯವಂತರ ಮಲವನ್ನು ಕಸಿ ಮಾಡಿ ಕರುಳನ್ನೇ ಮರುಪೂರಣ ಮಾಡುವ ಯೋಚನೆಗೂ 2019ರಲ್ಲಿ ಪೆಟ್ಟು ಬಿತ್ತು: ದಾನಿಯ ಮಲದಲ್ಲಿದ್ದ ಪ್ರತಿರೋಧಿ ಇ. ಕೋಲೈ ಇಬ್ಬರು ರೋಗಿಗಳ ರಕ್ತಕ್ಕಿಳಿದು ಒಬ್ಬರು ಸತ್ತರು.

ಕೊನೆಗೆ ಉಳಿಯುವುದು ಮಾತ್ರೆಯ ಪ್ರಶ್ನೆಯೇ. ಮಾಮೂಲಿ ಅಪಾಯದ ಎಎಲ್‌ಎಲ್ ಮಗು, ಆಸ್ಪತ್ರೆಗೆ ಬೇಗ ತಲುಪಬಲ್ಲ ಮನೆ ಎಂದಾದರೆ ನಾನು ಕಾಯುವವರ ಕಡೆ. ಎಎಂಎಲ್, ಮರುಕಳಿಸಿದ ಕಾಯಿಲೆ ಅಥವಾ ದೂರದ ಊರು ಎಂದಾದರೆ ತಕ್ಕಡಿ ಆಚೆ ವಾಲುತ್ತದೆ. ಎಷ್ಟು ವಾಲಬೇಕು ಎನ್ನುವುದನ್ನು ಮೆಂಫಿಸ್ ಹೇಳಲಾರದು. ಆಯಾ ವಾರ್ಡಿನ ಬ್ಲಡ್ ಕಲ್ಚರುಗಳಲ್ಲಿ ಕಳೆದ ವರ್ಷ ಯಾವ ಬ್ಯಾಕ್ಟೀರಿಯಾ ಬೆಳೆಯಿತು, ಯಾವ ಔಷಧಿಗೆ ಬಗ್ಗಿತು ಎಂಬ ಪಟ್ಟಿ ಹೇಳಬಲ್ಲದು. ಮಕ್ಕಳನ್ನು ಸೇರಿಸಿಕೊಳ್ಳುವಾಗಲೇ ಗುದದ್ವಾರದ ಸ್ವ್ಯಾಬ್ ತೆಗೆದು ಮೆರೊಪೆನೆಮ್‌ಗೂ ಬಗ್ಗದ ತಳಿ ಇದೆಯೇ ನೋಡುವ ಪದ್ಧತಿ ಇದಕ್ಕೆ ಸಹಾಯವಾಗುತ್ತದೆ. ಜೀನು ಓದುವ ದುಬಾರಿ ಪರೀಕ್ಷೆ ಬೇಕಿಲ್ಲ, ಮಾಮೂಲಿ ಕಲ್ಚರ್ ಸಾಕು. ಇದಕ್ಕೂ ಆಕ್ಷೇಪವಿದೆ: ಸ್ವ್ಯಾಬ್ ಪಾಸಿಟಿವ್ ಎಂದು ಫೈಲಿನಲ್ಲಿ ಬರೆದ ಮೇಲೆ, ಸಣ್ಣ ಜ್ವರಕ್ಕೂ ಆ ಮಗುವಿಗೆ ಕೊಲಿಸ್ಟಿನ್‌ನಂಥ ಕಡೆಯ ಅಸ್ತ್ರವನ್ನೇ ಬಿಡುತ್ತಾರೆ, ಉಳಿದಿದ್ದ ಒಳ್ಳೆಯ ಬ್ಯಾಕ್ಟೀರಿಯಾವೂ ಹೋಗುತ್ತದೆ, ಕಿಡ್ನಿಗೂ ಪೆಟ್ಟು. ಆಕ್ಷೇಪ ಸರಿಯೇ. ಆದರೂ ನಾನು ಸ್ವ್ಯಾಬ್ ಪರ. ಪ್ರತಿರೋಧಿ ಕ್ಲೆಬ್ಸಿಯೆಲ್ಲಾ ಇರುವ ಮಗುವಿಗೆ ಮೊದಲ ರಾತ್ರಿ ಕೊಟ್ಟ ಆಂಟಿಬಯಾಟಿಕ್ ತಪ್ಪಾದರೆ ಅದು ಗೊತ್ತಾಗುವುದು ಕಲ್ಚರ್ ರಿಪೋರ್ಟ್ ಬರುವ ಎರಡನೆಯ ಅಥವಾ ಮೂರನೆಯ ದಿನ, ಮತ್ತು ಕೌಂಟ್ ಇನ್ನೂರಿರುವ ಮಗುವಿಗೆ ಅಷ್ಟು ಬಿಡುವು ಇರುವುದಿಲ್ಲ.